ಡ್ರೈವ್‌ನಿಂದ ಮೋಟಾರಿನವರೆಗೆ: ಕೇಬಲ್ ಮತ್ತು ಕಾಂಡ್ಯೂಟ್ ಆರಿಸುವ ಬಗೆ

ಮೋಟಾರಿನ ವೇಗವನ್ನು ಬೇಕಾದಂತೆ ಏರಿಸಿ ಇಳಿಸುವ ವಿಎಫ್‌ಡಿ ಎಂಬ ಡ್ರೈವ್ ಈಗ ಹಿಟ್ಟಿನ ಗಿರಣಿಯಲ್ಲೂ ಇದೆ, ಬೋರ್‌ವೆಲ್ ಮನೆಯಲ್ಲೂ ಇದೆ. ಅದನ್ನು ಕೂರಿಸಿದ ಮೇಲೆ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ. ವರ್ಷಗಟ್ಟಲೆ ನೇರ ಸಪ್ಲೈ ಮೇಲೆ ಓಡಿದ ಮೋಟಾರು ಕೆಲವೇ ತಿಂಗಳಲ್ಲಿ ಸುಡುತ್ತದೆ, ಹೊಸ ಬೇರಿಂಗ್ ಬೇಗನೆ ಸದ್ದು ಮಾಡುತ್ತದೆ, ಪಕ್ಕದ ಯಂತ್ರದ ಸೆನ್ಸರ್ ತಪ್ಪು ಲೆಕ್ಕ ತೋರಿಸುತ್ತದೆ, ಡ್ರೈವ್ ಕಾರಣವಿಲ್ಲದೆ ಟ್ರಿಪ್ ಆಗುತ್ತದೆ. ದೂರು ಹೋಗುವುದು ಡ್ರೈವ್ ಮಾರಿದವರ ಮೇಲೆ, ಇಲ್ಲವೇ ವೈಂಡಿಂಗ್ ಕಟ್ಟಿದವರ ಮೇಲೆ. ಇವೆರಡರ ನಡುವೆ ಇರುವ ಕೇಬಲ್ ಕಡೆಗೆ ನೋಡುವವರು ಕಡಿಮೆ. ಇಂಥ ತೊಂದರೆಗಳಲ್ಲಿ ಗಣನೀಯ ಭಾಗ ಹುಟ್ಟುವುದು ಮಾತ್ರ ಅಲ್ಲಿಯೇ.

ಮಾಮೂಲಿ ಕೇಬಲ್ ಏಕೆ ಸಾಲದು

ಡ್ರೈವ್ ಒಳಗೆ ಬಂದ 415 ವೋಲ್ಟ್ ಎಸಿ ಮೊದಲು ಡಿಸಿ ಆಗುತ್ತದೆ, ಸುಮಾರು 560ರಿಂದ 590 ವೋಲ್ಟ್. ಆ ಡಿಸಿಯನ್ನು ಐಜಿಬಿಟಿ ಎಂಬ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಸಾವಿರಾರು ಸಲ, ಸಾಮಾನ್ಯವಾಗಿ 2ರಿಂದ 16 ಕಿಲೋಹರ್ಟ್ಸ್ ವೇಗದಲ್ಲಿ, ತುಂಡರಿಸಿ ಹೊರಗೆ ಕಳಿಸುತ್ತವೆ. ಮೋಟಾರಿನ ವೈಂಡಿಂಗ್‌ಗೆ ಇಂಡಕ್ಟೆನ್ಸ್ ಇರುವುದರಿಂದ ಅದರಲ್ಲಿ ಹರಿಯುವ ಕರೆಂಟು ನಯವಾದ ಅಲೆಯಾಗಿಯೇ ಇರುತ್ತದೆ. ಕೇಬಲ್ ಮೇಲೆ ಬೀಳುವ ವೋಲ್ಟೇಜ್ ಹಾಗಲ್ಲ. ಅದು ಚೂಪಾದ ಪಲ್ಸುಗಳ ಸಾಲು. ಒಂದೊಂದು ಪಲ್ಸೂ ಸೊನ್ನೆಯಿಂದ ಪೂರ್ತಿ ಎತ್ತರಕ್ಕೆ ಏರಲು ತೆಗೆದುಕೊಳ್ಳುವ ಸಮಯ ಸುಮಾರು 0.1 ಮೈಕ್ರೋಸೆಕೆಂಡ್. ಹಳೆಯ ತಲೆಮಾರಿನ ಡ್ರೈವ್‌ಗಳಲ್ಲಿ ಈ ಏರಿಕೆ ಇದರ ಹತ್ತುಪಟ್ಟು ನಿಧಾನವಾಗಿತ್ತು. ಹಾಗಾಗಿ ಆಗ ಯಾವ ಕೇಬಲ್ ಹಾಕಿದರೂ ನಡೆಯುತ್ತಿತ್ತು.

ಈ ಚೂಪು ಏರಿಕೆಯಿಂದ ಮೂರು ಪರಿಣಾಮಗಳಾಗುತ್ತವೆ.

ಮೊದಲನೆಯದು ಪ್ರತಿಫಲನ. ಕೆರೆಯ ಏರಿಗೆ ಬಡಿದ ಅಲೆ ಹಿಂದಿರುಗುವಾಗ ಅಲ್ಲಿ ನೀರು ಎತ್ತರಕ್ಕೆ ಏರುವಂತೆ, ಕೇಬಲ್‌ನಲ್ಲಿ ಓಡಿಬಂದ ಪಲ್ಸು ಮೋಟಾರಿನ ಟರ್ಮಿನಲ್‌ಗೆ ತಾಗಿ ತಿರುಗುವಾಗ ವೋಲ್ಟೇಜ್ ಅಲ್ಲಿ ದುಪ್ಪಟ್ಟಾಗುತ್ತದೆ. ಎಷ್ಟು ಉದ್ದದ ಕೇಬಲ್‌ಗೆ ಹೀಗಾಗುತ್ತದೆ ಎಂಬ ಲೆಕ್ಕ ಸರಳ. ಕೇಬಲ್‌ನಲ್ಲಿ ಪಲ್ಸಿನ ವೇಗ ಮೈಕ್ರೋಸೆಕೆಂಡಿಗೆ ಸುಮಾರು 150 ಮೀಟರ್. ಅದನ್ನು ಏರಿಕೆಯ ಸಮಯದಿಂದ ಗುಣಿಸಿ ಅರ್ಧ ಮಾಡಿದರೆ 7.5 ಮೀಟರ್ ಬರುತ್ತದೆ. ಏರಿಕೆಗೆ 0.2 ಮೈಕ್ರೋಸೆಕೆಂಡ್ ತೆಗೆದುಕೊಳ್ಳುವ ಡ್ರೈವ್ ಆದರೆ 15 ಮೀಟರ್. ಇಷ್ಟು ದೂರ ದಾಟಿದರೆ ಮೋಟಾರಿನ ಬಾಯಲ್ಲಿ 1,100 ವೋಲ್ಟಿಗೂ ಮೀರಿದ ಶಿಖರಗಳು ಕಾಣಿಸಿಕೊಳ್ಳಬಹುದು. ಡ್ರೈವ್‌ನ ಡಿಸ್‌ಪ್ಲೇಯಲ್ಲಾಗಲಿ ಸಾಮಾನ್ಯ ಮಲ್ಟಿಮೀಟರಿನಲ್ಲಾಗಲಿ ಇದು ಕಾಣುವುದಿಲ್ಲ. ತಕ್ಕ ಹೈ ವೋಲ್ಟೇಜ್ ಪ್ರೋಬ್ ಇರುವ ಆಸಿಲೋಸ್ಕೋಪ್ ಬೇಕು.

ಎರಡನೆಯದು ಕೇಬಲ್‌ನ ಕೆಪ್ಯಾಸಿಟೆನ್ಸ್. ಕೋರುಗಳ ನಡುವೆ, ಕೋರು ಮತ್ತು ಅರ್ತ್ ನಡುವೆ ಇರುವ ಸಣ್ಣ ಕೆಪ್ಯಾಸಿಟೆನ್ಸನ್ನು ಪ್ರತಿ ಪಲ್ಸೂ ತುಂಬಬೇಕು, ಖಾಲಿ ಮಾಡಬೇಕು. 30 ಕಿಲೋವಾಟಿನ ಡ್ರೈವ್‌ಗೆ ಇದು ಲೆಕ್ಕಕ್ಕಿಲ್ಲ. ಒಂದು ಎಚ್‌ಪಿಯ ಪುಟ್ಟ ಡ್ರೈವ್‌ಗೆ 100 ಮೀಟರ್ ಕೇಬಲ್ ಕಟ್ಟಿದರೆ ಮಾತ್ರ, ಮೋಟಾರು ಎಳೆಯುವ ಕರೆಂಟಿಗೆ ಹೋಲಿಸಬಹುದಾದಷ್ಟು ಕರೆಂಟು ಕೇಬಲನ್ನು ತುಂಬುವುದಕ್ಕೇ ಹೋಗುತ್ತದೆ. ಲೋಡ್ ಇಲ್ಲದಿದ್ದರೂ ಓವರ್‌ಕರೆಂಟ್ ಎಂದು ಟ್ರಿಪ್ ಆಗುವುದರ ಹಿಂದೆ ಹಲವು ಬಾರಿ ಇರುವ ಕಾರಣ ಇದು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮೂರು ಫೇಸಿನ ಮಾಮೂಲಿ ಸಪ್ಲೈಯಲ್ಲಿ ಮೂರೂ ವೋಲ್ಟೇಜುಗಳನ್ನು ಕೂಡಿದರೆ ಪ್ರತಿ ಕ್ಷಣವೂ ಸೊನ್ನೆ. ಡ್ರೈವ್ ಕೊಡುವ ಪಲ್ಸುಗಳಲ್ಲಿ ಹಾಗಾಗುವುದಿಲ್ಲ. ಪ್ರತಿ ಸ್ವಿಚಿಂಗಿನಲ್ಲೂ ಮೋಟಾರಿನ ನಡುಬಿಂದು ನೂರಾರು ವೋಲ್ಟ್ ಮೇಲೆ ಕೆಳಗೆ ಜಿಗಿಯುತ್ತದೆ. ಇದು ಕಾಮನ್ ಮೋಡ್ ವೋಲ್ಟೇಜ್. ಆ ಜಿಗಿತದಿಂದ ವೈಂಡಿಂಗಿನಿಂದ ಮೋಟಾರಿನ ಬಾಡಿಗೆ, ಕೇಬಲ್‌ನಿಂದ ಅರ್ತ್‌ಗೆ ಹೈ ಫ್ರೀಕ್ವೆನ್ಸಿ ಕರೆಂಟು ಸೋರುತ್ತದೆ. ಸೋರಿದ ಕರೆಂಟು ಅದು ಹೊರಟ ಡ್ರೈವ್‌ಗೇ ವಾಪಸು ಹೋಗಲೇಬೇಕು. ಸುಲಭದ ದಾರಿ ಇದ್ದರೆ ಅದರಲ್ಲೇ ಹೋಗುತ್ತದೆ. ಇಲ್ಲದಿದ್ದರೆ ಬೇರಿಂಗ್ ಮೂಲಕ, ಪಂಪಿನ ಪೈಪ್ ಮೂಲಕ, ಶೆಡ್ಡಿನ ಕಬ್ಬಿಣದ ಮೂಲಕ, ಯಾವುದೋ ಸೆನ್ಸರ್ ಕೇಬಲ್‌ನ ಹೊದಿಕೆಯ ಮೂಲಕ ದಾರಿ ಮಾಡಿಕೊಳ್ಳುತ್ತದೆ. ಬೇರಿಂಗಿನ ಒಳಗೆ ಕಿಡಿಯಾಡಿ ಏಣಿಯ ಮೆಟ್ಟಿಲಿನಂಥ ಗೆರೆಗಳು ಬೀಳುವುದು ಇದರಿಂದಲೇ. ಹಾಗಾಗಿ ಡ್ರೈವ್ ಕೇಬಲ್ ಆರಿಸುವಾಗ ಎಷ್ಟು ಆಂಪಿಯರ್ ಹರಿಯಬೇಕು ಎಂಬುದರ ಜೊತೆಗೇ ಸೋರಿದ ಕರೆಂಟು ಯಾವ ದಾರಿಯಲ್ಲಿ ಮರಳಬೇಕು ಎಂಬುದನ್ನೂ ನಿರ್ಧರಿಸಬೇಕು.

ಕೇಬಲ್ ಆಯ್ಕೆ

1. ಗಾತ್ರ. ಮೋಟಾರ್ ಕಡೆಯ ಗಾತ್ರವನ್ನು ಮೋಟಾರಿನ ನೇಮ್‌ಪ್ಲೇಟ್ ಕರೆಂಟಿನಿಂದ ಲೆಕ್ಕ ಹಾಕಬೇಕು; ಸುತ್ತಲಿನ ಬಿಸಿ, ಒಂದೇ ಟ್ರೇಯಲ್ಲಿರುವ ಇತರ ಕೇಬಲ್‌ಗಳು, ಕಾಂಡ್ಯೂಟಿನ ಒಳಗಿನ ಕಾವು ಇವುಗಳಿಗೆ ಕಡಿತ ಕೊಡಬೇಕು. ಕೋಷ್ಟಕಗಳು ಒಂದು ನಿಗದಿತ ಉಷ್ಣಾಂಶಕ್ಕೆ ಬರೆದವು. ಬೇಸಿಗೆಯಲ್ಲಿ ಸಿಮೆಂಟ್ ಶೀಟಿನ ಕೆಳಗೆ ಓಡುವ ಕಾಂಡ್ಯೂಟಿಗೆ ಅಲ್ಲಿನ ಅಂಕಿಯನ್ನು ಹಾಗೇ ಎತ್ತಿಕೊಳ್ಳುವಂತಿಲ್ಲ.

ಒಂದು ಉದಾಹರಣೆ. 10 ಎಚ್‌ಪಿ, ಅಂದರೆ 7.5 ಕಿಲೋವಾಟ್ ಮೋಟಾರು 415 ವೋಲ್ಟಿನಲ್ಲಿ ಸುಮಾರು 14.5 ಆಂಪಿಯರ್ ಎಳೆಯುತ್ತದೆ. ದೂರ 60 ಮೀಟರ್ ಎಂದುಕೊಳ್ಳಬಹುದು. 4 ಚದರ ಮಿಲಿಮೀಟರ್ ತಾಮ್ರದ ಕೇಬಲ್ ಹಾಕಿದರೆ ಪೂರ್ಣ ಲೋಡಿನಲ್ಲಿ ಸುಮಾರು 7 ವೋಲ್ಟ್ ಇಳಿಕೆ, ಅಂದರೆ ಶೇಕಡ 2ಕ್ಕೂ ಕಡಿಮೆ. 2.5 ಚದರ ಮಿಲಿಮೀಟರಿನದಾದರೆ ಇಳಿಕೆ 11 ವೋಲ್ಟ್ ದಾಟುತ್ತದೆ. 50 ಹರ್ಟ್ಸ್‌ನಲ್ಲಿ ಎರಡೂ ನಡೆಯುತ್ತವೆ. ಡ್ರೈವ್ 10 ಹರ್ಟ್ಸ್‌ಗೆ ಇಳಿದಾಗ ಮಾತ್ರ ಮೋಟಾರಿಗೆ ಹೋಗುವ ವೋಲ್ಟೇಜೂ 83ರ ಆಸುಪಾಸಿಗೆ ಇಳಿಯುತ್ತದೆ. ಕನ್ವೇಯರಿನಂಥ ಲೋಡಿಗೆ ಆಗಲೂ ಅಷ್ಟೇ ಕರೆಂಟು ಬೇಕು, ಕೇಬಲ್‌ನಲ್ಲಿ ಆಗಲೂ ಅದೇ 7 ವೋಲ್ಟ್ ಹೋಗುತ್ತದೆ. ಶೇಕಡ 2 ಇದ್ದದ್ದು ಶೇಕಡ 8 ಮೀರುತ್ತದೆ. ಮೋಟಾರು ಮಂದವೇಗದಲ್ಲಿ ಎಳೆಯಲಾರದೆ ನಿಲ್ಲಬಹುದು. ನಿಧಾನವಾಗಿ ಓಡಿಸಬೇಕಾದ, ಭಾರ ಎತ್ತಬೇಕಾದ ಯಂತ್ರಗಳಿಗೆ ಒಂದು ಗಾತ್ರ ಮೇಲಿನ ಕೇಬಲ್ ಹಾಕುವುದು ದುಂದಲ್ಲ. ಪಂಪು ಮತ್ತು ಫ್ಯಾನುಗಳಿಗೆ ಈ ಚಿಂತೆ ಇಲ್ಲ. ವೇಗ ಇಳಿದಂತೆ ಅವುಗಳ ಲೋಡೂ ಇಳಿಯುತ್ತದೆ.

ಡ್ರೈವ್‌ಗೆ ಬರುವ ಸಪ್ಲೈ ಕೇಬಲ್‌ನ ಗಾತ್ರವನ್ನು ಡ್ರೈವ್‌ನ ಇನ್‌ಪುಟ್ ಕರೆಂಟಿನಿಂದ ಲೆಕ್ಕ ಹಾಕಬೇಕು, ಮೋಟಾರಿನದರಿಂದಲ್ಲ. ಚೋಕ್ ಇಲ್ಲದ ಡ್ರೈವ್ ಹಾರ್ಮೋನಿಕ್ಸ್ ಸೇರಿಸಿ ಹೆಚ್ಚು ಕರೆಂಟು ಎಳೆಯುತ್ತದೆ. ಸಿಂಗಲ್ ಫೇಸ್ ಪಡೆದು ತ್ರೀ ಫೇಸ್ ಕೊಡುವ ಚಿಕ್ಕ ಡ್ರೈವ್‌ಗಳಲ್ಲಿ ಇನ್‌ಪುಟ್ ಕರೆಂಟು ಮೋಟಾರ್ ಕರೆಂಟಿನ ಎರಡು ಪಟ್ಟಿನ ಹತ್ತಿರ ಹೋಗುತ್ತದೆ.

2. ಇನ್ಸುಲೇಷನ್. ಇಲ್ಲಿ ಎಕ್ಸ್‌ಎಲ್‌ಪಿಇಯನ್ನೇ ಆರಿಸಬೇಕು ಎಂಬುದಕ್ಕೆ ಗಟ್ಟಿ ಕಾರಣಗಳಿವೆ. ಅದು 90 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ, ಮಾಮೂಲಿ ಪಿವಿಸಿ 70ರವರೆಗೆ. ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕ 2.3ರಷ್ಟು, ಪಿವಿಸಿಯದು ಅದಕ್ಕಿಂತ ಬಹಳ ಹೆಚ್ಚು. ಹೀಗಾಗಿ ಎಕ್ಸ್‌ಎಲ್‌ಪಿಇ ಕೇಬಲ್‌ನ ಕೆಪ್ಯಾಸಿಟೆನ್ಸ್ ಕಡಿಮೆ, ತುಂಬಲು ಹೋಗುವ ಕರೆಂಟೂ ಕಡಿಮೆ. ಪಿವಿಸಿ ತೇವವನ್ನೂ ಹೀರುತ್ತದೆ. ತೇವ ಹೀರಿದ ತೆಳ್ಳನೆಯ ಪದರದ ಮೇಲೆ ಸಾವಿರ ವೋಲ್ಟ್ ಮೀರಿದ ಶಿಖರಗಳು ಸೆಕೆಂಡಿಗೆ ಸಾವಿರಾರು ಸಲ ಬಡಿದಾಗ ಅಲ್ಲಿ ಸೂಕ್ಷ್ಮವಾಗಿ ಕರೋನಾ ಏಳುತ್ತದೆ, ಪದರ ಒಳಗಿಂದ ಸವೆಯುತ್ತದೆ. ಐಎಸ್ 7098ರ ಮೊದಲ ಭಾಗಕ್ಕೆ ಒಪ್ಪುವ 1,100 ವೋಲ್ಟ್ ದರ್ಜೆಯ ಎಕ್ಸ್‌ಎಲ್‌ಪಿಇ ಕೇಬಲ್ ಸಾಮಾನ್ಯ ಕೆಲಸಕ್ಕೆ ಸಾಕು. ಒಣ ಜಾಗ, ಕಡಿಮೆ ದೂರ, ಚಿಕ್ಕ ಮೋಟಾರು ಆದರೆ ಐಎಸ್ 1554ರ ಪಿವಿಸಿ ಕೇಬಲ್ ನಡೆದೀತು. ಮನೆ ವೈರಿಂಗಿನ ಬಿಡಿ ವೈರು ಬೇಡ.

3. ಕೋರುಗಳ ಜೋಡಣೆ. ಮೂರೂ ಫೇಸುಗಳಿಗೆ ಅರ್ತ್ ಸಮಾನ ದೂರದಲ್ಲಿರಬೇಕು. ಒಳ್ಳೆಯ ಡ್ರೈವ್ ಕೇಬಲ್‌ನಲ್ಲಿ ಒಂದೇ ಅರ್ತ್ ಕೋರನ್ನು ಮೂರು ತೆಳು ಕೋರುಗಳಾಗಿ ಒಡೆದು ಫೇಸುಗಳ ಸಂದಿಗಳಲ್ಲಿ ಕೂರಿಸಿರುತ್ತಾರೆ. ಅಥವಾ ಮೂರು ಫೇಸು, ಸುತ್ತಲೂ ದಪ್ಪ ತಾಮ್ರದ ಸ್ಕ್ರೀನ್. ನಾಲ್ಕು ಕೋರಿನ ಕೇಬಲ್‌ನಲ್ಲಿ ಅರ್ತ್ ಕೋರು ಎರಡು ಫೇಸುಗಳಿಗೆ ಹತ್ತಿರ, ಒಂದಕ್ಕೆ ದೂರ. ಆ ಅಸಮತೋಲನ ಅರ್ತ್‌ನಲ್ಲಿ ಅನಗತ್ಯ ಕರೆಂಟನ್ನು ಹುಟ್ಟಿಸುತ್ತದೆ. ಚಿಕ್ಕ ಮೋಟಾರುಗಳಿಗೆ ಇದು ಸಹ್ಯ. ಸುಮಾರು 30 ಕಿಲೋವಾಟ್ ದಾಟಿದ ಮೇಲೆ ಸಮಮಿತಿಯ ಕೇಬಲ್ಲೇ ಬೇಕು. ವಿತರಣೆಗೆಂದು ಎಲ್ಲ ಅಂಗಡಿಗಳಲ್ಲಿ ಸಿಗುವ ಮೂರೂವರೆ ಕೋರಿನ ಅಲ್ಯೂಮಿನಿಯಂ ಕೇಬಲ್ ಡ್ರೈವ್‌ನ ಔಟ್‌ಪುಟ್‌ಗೆ ಹೇಳಿಸಿದ್ದಲ್ಲ.

4. ಸ್ಕ್ರೀನ್. ಸೋರಿದ ಕರೆಂಟಿಗೆ ಮರಳಿ ಬರುವ ಹತ್ತಿರದ ದಾರಿ ಇದೇ. ಹೈ ಫ್ರೀಕ್ವೆನ್ಸಿಯಲ್ಲಿ ಇದರ ವಾಹಕತೆ ಫೇಸ್ ಕೋರಿನದರ ಹತ್ತನೇ ಒಂದು ಭಾಗವಾದರೂ ಇರಬೇಕೆಂಬುದು ಡ್ರೈವ್ ತಯಾರಕರು ಒಪ್ಪುವ ಅಳತೆ. ಒತ್ತಾಗಿ ನೇಯ್ದ ತಾಮ್ರದ ಹೆಣಿಗೆ, ಅದರ ಕೆಳಗೆ ಅಲ್ಯೂಮಿನಿಯಂ ಹಾಳೆ ಇದ್ದರೆ ಒಳ್ಳೆಯದು. ಬರೀ ತೆಳು ಹಾಳೆಯೊಂದು ಸಾಲದು. ಆರ್ಮರ್ಡ್ ಕೇಬಲ್‌ನ ಜಿಐ ಆರ್ಮರ್ ಸ್ಕ್ರೀನ್ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ದುಂಡು ತಂತಿಯ ಆರ್ಮರನ್ನು ಎರಡೂ ತುದಿಯಲ್ಲಿ ಸುತ್ತಲೂ ಬಿಗಿದರೆ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ಸುರುಳಿ ಸುತ್ತಿದ ಪಟ್ಟಿಯ ಆರ್ಮರ್ ಈ ಕೆಲಸಕ್ಕೆ ದುರ್ಬಲ.

5. ಉದ್ದ. ಡ್ರೈವ್‌ನ ಕೈಪಿಡಿಯಲ್ಲಿ ಸ್ಕ್ರೀನ್ ಇರುವ ಮತ್ತು ಇಲ್ಲದ ಕೇಬಲ್‌ಗೆ ಬೇರೆಬೇರೆ ಗರಿಷ್ಠ ಉದ್ದ ಕೊಟ್ಟಿರುತ್ತಾರೆ. ಸ್ಕ್ರೀನ್ ಇರುವುದಕ್ಕೆ ಮಿತಿ ಕಡಿಮೆ, ಏಕೆಂದರೆ ಅದರ ಕೆಪ್ಯಾಸಿಟೆನ್ಸ್ ಹೆಚ್ಚು. ಒಂದೇ ಡ್ರೈವ್‌ನಿಂದ ನಾಲ್ಕು ಮೋಟಾರು ಓಡಿಸುವುದಾದರೆ ನಾಲ್ಕೂ ಕೇಬಲ್‌ಗಳ ಉದ್ದವನ್ನು ಕೂಡಿ ನೋಡಬೇಕು. ಮಿತಿ ದಾಟುವ ಹಾಗಿದ್ದರೆ ಡ್ರೈವ್‌ನ ಪಕ್ಕದಲ್ಲೇ ಔಟ್‌ಪುಟ್ ಚೋಕ್ ಅಥವಾ ಡಿವಿ/ಡಿಟಿ ಫಿಲ್ಟರ್, ತೀರ ದೂರವಾದರೆ ಸೈನ್ ಫಿಲ್ಟರ್ ಹಾಕಬೇಕು. ಕೆಲವೊಮ್ಮೆ ಇವೆಲ್ಲಕ್ಕಿಂತ ಅಗ್ಗದ ಉಪಾಯ, ಪ್ಯಾನೆಲನ್ನೇ ಮೋಟಾರಿನ ಹತ್ತಿರಕ್ಕೆ ಒಯ್ಯುವುದು.

ಕಾಂಡ್ಯೂಟ್

ಸ್ಕ್ರೀನ್ ಇರುವ ಕೇಬಲ್ ಹಾಕಿದ ಮೇಲೆ ಕಾಂಡ್ಯೂಟಿನ ಕೆಲಸ ಪೆಟ್ಟು, ಎಣ್ಣೆ, ಇಲಿಗಳಿಂದ ರಕ್ಷಣೆ ಮಾತ್ರ. ಆಗ ಪಿವಿಸಿ ಆದರೂ ಸರಿ, ಉಕ್ಕಿನದಾದರೂ ಸರಿ. ಸ್ಕ್ರೀನ್ ಇಲ್ಲದ ಕೇಬಲ್ ಆದರೆ ಉಕ್ಕಿನ ಕಾಂಡ್ಯೂಟೇ ಸ್ಕ್ರೀನಿನ ಕೆಲಸ ಮಾಡಬೇಕಾಗುತ್ತದೆ. ಸ್ಕ್ರೀನ್ ಇಲ್ಲದ ವೈರುಗಳನ್ನು ಪಿವಿಸಿ ಪೈಪಿನಲ್ಲಿ ಎಳೆಯುವುದು ಎಲ್ಲಕ್ಕಿಂತ ಕೆಟ್ಟ ಜೋಡಿ. ನಮ್ಮ ಸಣ್ಣ ಕಾರ್ಖಾನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದೂ ಅದೇ.

ಉಕ್ಕಿನ ಕಾಂಡ್ಯೂಟ್ ಸ್ಕ್ರೀನಿನಂತೆ ನಡೆಯಬೇಕಾದರೆ ಪ್ಯಾನೆಲ್‌ನಿಂದ ಮೋಟಾರಿನವರೆಗೆ ಅದು ಎಲ್ಲೂ ಕಡಿಯಬಾರದು. ತುಕ್ಕು ಹಿಡಿದ ಕಪ್ಲಿಂಗ್, ಬಣ್ಣ ಬಳಿದ ಬಾಕ್ಸಿನ ಮೇಲೆ ಕೂರಿಸಿದ ಚೆಕ್‌ನಟ್, ನಡುವೆ ಸೇರಿಸಿದ ಒಂದಡಿ ಪಿವಿಸಿ ತುಂಡು, ಇವುಗಳಲ್ಲಿ ಯಾವುದಾದರೂ ಒಂದಿದ್ದರೂ ಸ್ಕ್ರೀನ್ ಅಲ್ಲಿಗೆ ಮುಗಿಯಿತು. ಕೀಲುಗಳಿಗೆ ಅಡ್ಡಲಾಗಿ ಬಾಂಡಿಂಗ್ ಪಟ್ಟಿ ಹಾಕಬೇಕು. ಕಾಂಡ್ಯೂಟ್ ಎಷ್ಟೇ ಗಟ್ಟಿಯಾಗಿರಲಿ, ಅದನ್ನೇ ಅರ್ತ್ ಎಂದು ನಂಬದೆ ಒಳಗೆ ಪ್ರತ್ಯೇಕ ಅರ್ತ್ ವೈರ್ ಎಳೆಯಲೇಬೇಕು. ಮೋಟಾರಿನ ಹತ್ತಿರ ಹಾಕುವ ಫ್ಲೆಕ್ಸಿಬಲ್ ಪೈಪಂತೂ ಅರ್ತ್‌ಗೆ ಆಗದು. ಮೂರು ಫೇಸು ಮತ್ತು ಅರ್ತ್ ನಾಲ್ಕೂ ಒಂದೇ ಕಾಂಡ್ಯೂಟಿನಲ್ಲಿ ಹೋಗಬೇಕು. ಒಂದೊಂದು ಫೇಸನ್ನು ಒಂದೊಂದು ಉಕ್ಕಿನ ಪೈಪಿನಲ್ಲಿ ಎಳೆದರೆ ಪೈಪೇ ಕಾಯುತ್ತದೆ.

ಒಂದು ಡ್ರೈವ್‌ನ ಮೋಟಾರ್ ಕೇಬಲ್‌ಗೆ ಒಂದು ಕಾಂಡ್ಯೂಟ್ ಎಂಬ ನಿಯಮ ಇಟ್ಟುಕೊಳ್ಳುವುದು ಕ್ಷೇಮ. ಸ್ಕ್ರೀನ್ ಇಲ್ಲದ ಎರಡು ಮೋಟಾರುಗಳ ವೈರುಗಳು ಒಂದೇ ಪೈಪಿನಲ್ಲಿದ್ದರೆ, ಓಡುತ್ತಿರುವುದರ ಪಲ್ಸು ನಿಂತಿರುವುದರ ವೈರಿನಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ. ಡ್ರೈವ್ ಆಫ್ ಮಾಡಿದ್ದೇವೆಂದು ಮೋಟಾರಿನ ಟರ್ಮಿನಲ್ ಬಾಕ್ಸ್‌ಗೆ ಕೈ ಹಾಕಿದವರಿಗೆ ಶಾಕ್ ಹೊಡೆಯುವುದು ಹೀಗೆ. ಡ್ರೈವ್‌ಗೆ ಬರುವ ಸಪ್ಲೈಯನ್ನೂ ಅದರಿಂದ ಹೊರಡುವ ಮೋಟಾರ್ ಕೇಬಲನ್ನೂ ಒಂದೇ ಕಾಂಡ್ಯೂಟಿಗೆ ತುರುಕಬಾರದು.

ಒಳಜಾಗದ ಶೇಕಡ 40ಕ್ಕಿಂತ ಹೆಚ್ಚು ತುಂಬದಿರುವುದು ಒಳ್ಳೆಯ ರೂಢಿ. ಒಂದೇ ಕೇಬಲ್ ಆದರೆ ಸ್ವಲ್ಪ ಹೆಚ್ಚಾದರೂ ನಡೆಯುತ್ತದೆ. ಆದರೂ 16 ಮಿಲಿಮೀಟರ್ ಹೊರವ್ಯಾಸದ ಕೇಬಲನ್ನು 25ರ ಕಾಂಡ್ಯೂಟಿನಲ್ಲಿ ಎಳೆಯುವುದು ಕಷ್ಟ, 32ರಲ್ಲಿ ಸಲೀಸು. ಜೋರಾಗಿ ಎಳೆದ ಕೇಬಲ್‌ನ ಸ್ಕ್ರೀನ್ ಹೆಣಿಗೆ ಒಳಗೇ ಹರಿದಿರುತ್ತದೆ, ಹೊರಗಿನಿಂದ ಗೊತ್ತಾಗುವುದಿಲ್ಲ.

ತುದಿ ಕಟ್ಟುವುದು

ದುಬಾರಿ ಕೇಬಲ್ ತಂದು ತುದಿಯಲ್ಲಿ ಹಾಳು ಮಾಡುವುದು ಬಹಳ ಸುಲಭ. ಸ್ಕ್ರೀನಿನ ಹೆಣಿಗೆಯನ್ನು ಬಿಚ್ಚಿ, ಜಡೆಯಂತೆ ಹೊಸೆದು, ಲಗ್ ಹಾಕಿ ಅರ್ತ್ ಬೋಲ್ಟಿಗೆ ಕಟ್ಟುವುದು ನಮ್ಮಲ್ಲಿ ಸಾಮಾನ್ಯ. ಕೆಲವೇ ಇಂಚಿನ ಆ ಜಡೆ ಹೈ ಫ್ರೀಕ್ವೆನ್ಸಿ ಕರೆಂಟಿಗೆ ದೊಡ್ಡ ಅಡ್ಡಿ. ಹೆಣಿಗೆಯನ್ನು ಬಿಚ್ಚದೆ, ಸುತ್ತಲೂ 360 ಡಿಗ್ರಿ ಹಿಡಿಯುವ ಇಎಂಸಿ ಗ್ಲ್ಯಾಂಡ್ ಅಥವಾ ಲೋಹದ ಕ್ಲಾಂಪ್ ಬಳಸಬೇಕು. ಗ್ಲ್ಯಾಂಡ್ ಕೂರುವ ಜಾಗದ ಬಣ್ಣವನ್ನು ಕೆರೆದು ಲೋಹ ಕಾಣುವಂತೆ ಮಾಡಬೇಕು.

ಮೋಟಾರ್ ಕೇಬಲ್‌ನ ಸ್ಕ್ರೀನನ್ನು ಎರಡೂ ತುದಿಯಲ್ಲಿ ಅರ್ತ್ ಮಾಡಬೇಕು. ಒಂದೇ ತುದಿ ಸಾಕು ಎಂಬ ಮಾತು ಅನಲಾಗ್ ಸಿಗ್ನಲ್ ಕೇಬಲ್‌ಗೆ ಸೇರಿದ್ದು. ಅದನ್ನು ಇಲ್ಲಿಗೆ ತಂದರೆ ಮರಳುವ ದಾರಿ ಮುಚ್ಚಿಹೋಗುತ್ತದೆ. ಮೋಟಾರಿನ ಅರ್ತ್ ಕೋರು ನೇರ ಡ್ರೈವ್‌ನ ಅರ್ತ್ ಟರ್ಮಿನಲ್‌ಗೇ ಬರಬೇಕು. ಮೋಟಾರಿನ ಪಕ್ಕದಲ್ಲಿ ಬೇರೆ ಗುಂಡಿ ತೋಡಿ ಅರ್ತ್ ಕೊಟ್ಟು, ಅದನ್ನೇ ಸಾಕೆಂದುಕೊಳ್ಳುವುದು ತಪ್ಪು. ಡ್ರೈವ್‌ಗಳಲ್ಲಿ ಅರ್ತ್‌ಗೆ ಸೋರುವ ಕರೆಂಟು ಅನೇಕ ವೇಳೆ 3.5 ಮಿಲಿಆಂಪಿಯರ್ ದಾಟುತ್ತದೆ. ಆಗ ಡ್ರೈವ್‌ನ ರಕ್ಷಣಾ ಅರ್ತ್ ಕನಿಷ್ಠ 10 ಚದರ ಮಿಲಿಮೀಟರ್ ತಾಮ್ರದ್ದಿರಬೇಕು, ಇಲ್ಲವೇ ಎರಡನೆಯ ಅರ್ತ್ ವೈರ್ ಬೇಕು; ಒಂದು ಕಳಚಿದರೂ ಇನ್ನೊಂದು ಉಳಿಯಲಿ ಎಂಬ ಕಾರಣಕ್ಕೆ. 30 ಮಿಲಿಆಂಪಿಯರಿನ ಸಾಮಾನ್ಯ ಆರ್‌ಸಿಸಿಬಿ ಇಂಥ ಕಡೆ ಸುಮ್ಮಸುಮ್ಮನೆ ಬೀಳುತ್ತಿರುವುದಕ್ಕೂ ಈ ಸೋರಿಕೆಯೇ ಕಾರಣ. ಅದನ್ನು ಬೈಪಾಸ್ ಮಾಡದೆ ಡ್ರೈವ್‌ಗೆ ಹೊಂದುವ ಬಗೆಯದನ್ನು ಹಾಕಬೇಕು.

ಕಂಟ್ರೋಲ್ ಕೇಬಲ್‌ಗಳು ಮೋಟಾರ್ ಕೇಬಲ್‌ನಿಂದ ಅರ್ಧ ಮೀಟರ್ ದೂರವಿರಲಿ. ದಾಟಲೇಬೇಕಾದರೆ ನೇರ ಅಡ್ಡಲಾಗಿ, 90 ಡಿಗ್ರಿಯಲ್ಲಿ ದಾಟಲಿ.

ಬೋರ್‌ವೆಲ್‌ನ ಲೆಕ್ಕ ಬೇರೆ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು ಹೊಸದಲ್ಲ. ಅಲ್ಲಿ ಡ್ರೈವ್ ಮೇಲೆ, ಮೋಟಾರು 300 ಮೀಟರ್ ಕೆಳಗೆ. ಒಳಗೆ ಇಳಿಯುವುದು ಮೂರು ಕೋರಿನ ಚಪ್ಪಟೆ ಸಬ್‌ಮರ್ಸಿಬಲ್ ಕೇಬಲ್. ಅದಕ್ಕೆ ಸ್ಕ್ರೀನೂ ಇಲ್ಲ, ಸಾಮಾನ್ಯವಾಗಿ ಅರ್ತ್ ಕೋರೂ ಇಲ್ಲ. ಮೇಲೆ ಹೇಳಿದ ಸ್ಕ್ರೀನಿನ ನಿಯಮಗಳನ್ನು ಇಲ್ಲಿ ಪಾಲಿಸಲು ಸಾಧ್ಯವಿಲ್ಲದ ಕಾರಣ ಪಲ್ಸನ್ನೇ ಕೇಬಲ್‌ಗೆ ಬಿಡದಿರುವುದು ಸರಿಯಾದ ದಾರಿ. ಸೈನ್ ಫಿಲ್ಟರ್ ಪಲ್ಸುಗಳನ್ನು ಹೆಚ್ಚುಕಡಿಮೆ ನಯವಾದ ಅಲೆಯನ್ನಾಗಿ ಮಾಡಿ ಕೆಳಗೆ ಕಳಿಸುತ್ತದೆ. ಬೆಲೆ ಹೆಚ್ಚೆಂದು ಅದನ್ನು ಕೈಬಿಡುವ ಮುನ್ನ, ಪೈಪು ಮೇಲೆತ್ತಿ ಮೋಟಾರು ಹೊರತೆಗೆದು ವೈಂಡಿಂಗ್ ಮಾಡಿಸಿ ಮತ್ತೆ ಇಳಿಸುವ ಖರ್ಚನ್ನು ಪಕ್ಕದಲ್ಲಿಟ್ಟು ನೋಡಬೇಕು. ಫಿಲ್ಟರ್ ಹಾಕಿದಾಗ ಡ್ರೈವ್‌ನ ಸ್ವಿಚಿಂಗ್ ಫ್ರೀಕ್ವೆನ್ಸಿಯನ್ನು ಫಿಲ್ಟರಿಗೆ ಹೇಳಿದಷ್ಟಕ್ಕೆ ಇಡಬೇಕು, ಕಂಟ್ರೋಲ್ ವಿಧಾನವನ್ನೂ ಅದಕ್ಕೆ ಹೊಂದಿಸಬೇಕು.

ಗಾತ್ರದಲ್ಲೂ ಇಲ್ಲಿ ಜಿಪುಣತನ ಸಲ್ಲದು. 17 ಆಂಪಿಯರ್ ಎಳೆಯುವ ಮೋಟಾರಿಗೆ 300 ಮೀಟರ್ ದೂರಕ್ಕೆ 6 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಹಾಕಿದರೆ ಸುಮಾರು 25 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 10 ಚದರ ಮಿಲಿಮೀಟರಿನದಾದರೆ 15. ಫಿಲ್ಟರಿನ ಇಳಿಕೆ ಇದರ ಮೇಲೆ ಸೇರುತ್ತದೆ. ನೀರಿನೊಳಗಿನ ಜಾಯಿಂಟ್‌ಗಳು ಆದಷ್ಟು ಕಡಿಮೆ ಇರಲಿ.

ಹೆಚ್ಚಾಗಿ ಆಗುವ ತಪ್ಪುಗಳು

ಪವರ್ ಫ್ಯಾಕ್ಟರ್ ಸರಿಪಡಿಸಲು ಮೋಟಾರಿಗೆ ಕಟ್ಟಿದ್ದ ಕೆಪ್ಯಾಸಿಟರನ್ನು ಡ್ರೈವ್ ಹಾಕಿದ ಮೇಲೂ ಅಲ್ಲೇ ಬಿಡುವುದು ಅಪಾಯ. ಡ್ರೈವ್ ಮತ್ತು ಮೋಟಾರಿನ ನಡುವೆ ಅದು ಇರಲೇಬಾರದು. ಪಲ್ಸು ಬಿದ್ದ ಕೂಡಲೇ ಅದು ಎಳೆಯುವ ಕರೆಂಟಿಗೆ ಐಜಿಬಿಟಿ ಹೋಗಬಹುದು. ಮೋಟಾರಿನ ಹತ್ತಿರ ಐಸೊಲೇಟರ್ ಹಾಕುವವರು ಸ್ಕ್ರೀನನ್ನು ಅಲ್ಲಿಗೇ ಕಡಿದುಬಿಡುತ್ತಾರೆ. ಲೋಹದ ಬಾಕ್ಸಿನ ಐಸೊಲೇಟರ್ ತೆಗೆದುಕೊಂಡು ಎರಡೂ ಕಡೆಯ ಸ್ಕ್ರೀನನ್ನು ಬಾಕ್ಸಿಗೆ ಸುತ್ತಲೂ ಕೂಡಿಸಬೇಕು. ಉಳಿದ ಕೇಬಲನ್ನು ಮುಂದೆ ಬೇಕಾದೀತೆಂದು ಪ್ಯಾನೆಲ್ ಹಿಂದೆ ಸುರುಳಿ ಸುತ್ತಿಡುವುದರಿಂದ ಉದ್ದವೂ ಹೆಚ್ಚು, ತೊಂದರೆಯೂ ಹೆಚ್ಚು. ಅಲ್ಯೂಮಿನಿಯಂ ಕೇಬಲನ್ನು ಡ್ರೈವ್‌ನ ತಾಮ್ರದ ಟರ್ಮಿನಲ್‌ಗೆ ನೇರ ಸಿಕ್ಕಿಸಿದರೆ ಜಾಯಿಂಟ್ ಬಿಸಿಯಾಗಿ ಸುಡುತ್ತದೆ. ಬೈಮೆಟಲ್ ಲಗ್ ಬೇಕು.

ಚಾಲೂ ಮಾಡುವ ಮುನ್ನ

ಕೇಬಲ್‌ಗೆ ಮೆಗ್ಗರ್ ಹಾಕುವ ಮೊದಲು ಡ್ರೈವ್‌ನ ಇನ್‌ಪುಟ್, ಔಟ್‌ಪುಟ್ ಎರಡೂ ಕಡೆಯ ವೈರು ಬಿಡಿಸಬೇಕು. ಮೆಗ್ಗರಿನ 500 ಅಥವಾ 1,000 ವೋಲ್ಟ್ ಡ್ರೈವ್ ಒಳಗೆ ಹೋದರೆ ಅದು ಉಳಿಯುವ ಖಾತರಿ ಇಲ್ಲ. ಮೇನ್ ಆಫ್ ಮಾಡಿದ ಕೂಡಲೇ ಡ್ರೈವ್‌ನ ಮುಚ್ಚಳ ತೆರೆಯಬಾರದು. ಒಳಗಿನ ಕೆಪ್ಯಾಸಿಟರುಗಳು ಖಾಲಿಯಾಗಲು ಲೇಬಲ್ ಮೇಲೆ ಬರೆದಷ್ಟು ನಿಮಿಷ, ಸಾಮಾನ್ಯವಾಗಿ ಐದರಿಂದ ಹದಿನೈದು, ಕಾದು, ಡಿಸಿ ಟರ್ಮಿನಲ್‌ಗಳ ನಡುವೆ ಮೀಟರ್ ಹಿಡಿದು ವೋಲ್ಟೇಜ್ ಇಳಿದಿದೆ ಎಂದು ಖಚಿತಪಡಿಸಿಕೊಂಡೇ ಕೈ ಹಾಕಬೇಕು.

ಮೋಟಾರಿನ ಬಾಡಿಯಿಂದ ಡ್ರೈವ್‌ನ ಅರ್ತ್ ಟರ್ಮಿನಲ್‌ವರೆಗಿನ ರೆಸಿಸ್ಟೆನ್ಸ್ ಅಳೆದು ಬರೆದಿಡಬೇಕು. ಸ್ವಿಚಿಂಗ್ ಫ್ರೀಕ್ವೆನ್ಸಿಯನ್ನು ಮೋಟಾರಿನ ಕೀರಲು ಸದ್ದು ಸಹಿಸುವಷ್ಟರ ಮಟ್ಟಿಗೆ ಕೆಳಗಿಡಬೇಕು. ಅದು ಏರಿದಷ್ಟೂ ಕೇಬಲ್‌ನಿಂದ ಸೋರುವ ಕರೆಂಟು ಏರುತ್ತದೆ. ಮೊದಲ ದಿನ ಪೂರ್ಣ ಲೋಡಿನಲ್ಲಿ ಒಂದು ಗಂಟೆ ಓಡಿಸಿದ ಮೇಲೆ ಮೇನ್ ತೆಗೆದು, ಕಾದು, ಎಲ್ಲ ಲಗ್ ಮತ್ತು ಗ್ಲ್ಯಾಂಡ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕು. ಗಿರಣಿ, ಕ್ರಷರ್‌ನಂಥ ಅದುರುವ ಯಂತ್ರಗಳಿಗೆ ಈ ಬಿಗಿತದ ಪರೀಕ್ಷೆಯನ್ನೂ ರೆಸಿಸ್ಟೆನ್ಸ್ ಅಳತೆಯನ್ನೂ ಪ್ರತಿ ಮಳೆಗಾಲದ ಮುಂಚೆ ಮಾಡಿ, ಬರೆದಿಟ್ಟ ರೆಸಿಸ್ಟೆನ್ಸ್ ಅಂಕಿಯೊಂದಿಗೆ ತಾಳೆ ನೋಡಬೇಕು. ಅಂಕಿ ಏರಿದ್ದರೆ ಎಲ್ಲೋ ಒಂದು ಕೀಲು ಸಡಿಲವಾಗಿದೆ ಅಥವಾ ತುಕ್ಕು ಹಿಡಿದಿದೆ.